ಬೊಹೀಮಿಯನ್ ರಾಪ್ಸೊಡಿ: 1991ರ ಕ್ರಿಸ್‌ಮಸ್ ಸಿಂಗಲ್

ಬ್ರಿಟನ್ನಿನ ರಾಕ್ ತಂಡ ಕ್ವೀನ್ 1991ರ ಡಿಸೆಂಬರ್ 9ರಂದು ತನ್ನ ಹದಿನಾರು ವರ್ಷ ಹಳೆಯ ಹಾಡೊಂದನ್ನು ಮತ್ತೆ ಅಂಗಡಿಗೆ ಬಿಟ್ಟಿತು. ಹಾಡು ‘ಬೊಹೀಮಿಯನ್ ರಾಪ್ಸೊಡಿ’. ಬಂದ ಹಣ ಏಡ್ಸ್ ಪೀಡಿತರಿಗಾಗಿ ದುಡಿಯುವ ಟೆರೆನ್ಸ್ ಹಿಗ್ಗಿನ್ಸ್ ಟ್ರಸ್ಟ್‌ಗೆ ಮೀಸಲು. ಹಾಡಿನಲ್ಲಿ ಕ್ರಿಸ್‌ಮಸ್ಸಿನ ಸುಳಿವಿಲ್ಲ, ದಾನಧರ್ಮದ ಮಾತೂ ಇಲ್ಲ. ಕೊಲೆ ಮಾಡಿದ ಹುಡುಗನೊಬ್ಬ ತಾಯಿಯೆದುರು ಅದನ್ನು ಹೇಳಿಕೊಳ್ಳುವ ಹಾಡು ಅದು.

ಬ್ರಿಟನ್ನಿನಲ್ಲಿ ಸಿಂಗಲ್‌ಗಳ, ಅಂದರೆ ಒಂದೆರಡು ಹಾಡುಗಳಷ್ಟೇ ಇರುವ ಅಗ್ಗದ ಧ್ವನಿಮುದ್ರಿಕೆಗಳ, ಮಾರಾಟದ ಪಟ್ಟಿ 1952ರಿಂದ ವಾರವಾರವೂ ಪ್ರಕಟವಾಗುತ್ತಿದೆ. ಕ್ರಿಸ್‌ಮಸ್ ವಾರದ ಮೊದಲ ಸ್ಥಾನಕ್ಕೆ ಅಲ್ಲಿ ಎಷ್ಟು ಬೆಲೆಯೆಂದರೆ, ಯಾರು ಗೆಲ್ಲುತ್ತಾರೆಂದು ಜನ ಬಾಜಿ ಕಟ್ಟುತ್ತಾರೆ. ಉಡುಗೊರೆ ಕೊಳ್ಳುವ ಕಾಲವಾದ್ದರಿಂದ ಮಾರಾಟವೂ ಜೋರು. 1984ರಲ್ಲಿ ಇಥಿಯೋಪಿಯಾದ ಬರಗಾಲಕ್ಕೆಂದು ಹಲವು ಗಾಯಕರು ಸೇರಿ ಹಾಡಿದ ‘ಬ್ಯಾಂಡ್ ಏಡ್’ ಸಿಂಗಲ್ ಇದೇ ಹೊತ್ತಿನಲ್ಲಿ ಲಕ್ಷಾಂತರ ಪೌಂಡ್ ಕೂಡಿಸಿತ್ತು.

ಕ್ವೀನ್ ತಂಡದ ಈ ಹಾಡು ಮೊದಲು ಹೊರಬಂದದ್ದು 1975ರ ಅಕ್ಟೋಬರ್ 31ರಂದು. ಸುಮಾರು ಆರು ನಿಮಿಷದ ಹಾಡನ್ನು ರೇಡಿಯೋದವರು ಹಾಕುವುದಿಲ್ಲವೆಂದು ಧ್ವನಿಮುದ್ರಣ ಕಂಪನಿ ಹಿಂಜರಿದಿತ್ತು. ನಡುವಿನ ಆಪೆರಾ ಭಾಗಕ್ಕಾಗಿ ತಂಡದ ಮೂವರೇ ದನಿಯ ಮೇಲೆ ದನಿ ಸೇರಿಸುತ್ತ ಹೋದರು. ಟೇಪು ಯಂತ್ರದಲ್ಲಿ ಅದೆಷ್ಟು ಸಲ ಓಡಿತೆಂದರೆ, ಅದರ ಮೇಲಿನ ಕಂದು ಲೇಪ ಸವೆದು ಬೆಳಕಿಗೆ ಹಿಡಿದರೆ ಆಚೆಗೆ ಕಾಣುವಂತಾಯಿತು. ಹಾಡು ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಆ ವರ್ಷದ ಕ್ರಿಸ್‌ಮಸ್ ವಾರವೂ ಅದರೊಳಗೇ ಬಂತು.

ಅದನ್ನು ಬರೆದು ಹಾಡಿದ ಫ್ರೆಡ್ಡಿ ಮರ್ಕ್ಯುರಿಯ ಮೂಲ ಹೆಸರು ಫರೋಖ್ ಬುಲ್ಸಾರಾ. 1946ರಲ್ಲಿ ಜಂಜಿಬಾರ್‌ನ ಪಾರ್ಸಿ ಮನೆತನದಲ್ಲಿ ಹುಟ್ಟಿದ ಅವರು ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ವಸತಿಶಾಲೆಯಲ್ಲಿ. ಮೊದಲ ತಂಡ ಕಟ್ಟಿದ್ದೂ ಅಲ್ಲೇ. ಏಡ್ಸ್ ತಗುಲಿದ ಸುದ್ದಿಯನ್ನು ಅವರು ಆಪ್ತರ ಆಚೆ ಬಿಟ್ಟುಕೊಟ್ಟಿರಲಿಲ್ಲ. ರೋಗದ ಹೆಸರೆತ್ತಿದರೆ ಜನ ದೂರ ಸರಿಯುತ್ತಿದ್ದ ಕಾಲ ಅದು. ಪತ್ರಿಕೆಗಳು ಮನೆ ಬಾಗಿಲಲ್ಲೇ ಕಾದು ನಿಂತಿದ್ದವು. 1991ರ ನವೆಂಬರ್ 23ರಂದು ಅವರು ಹೇಳಿಕೆ ಕೊಟ್ಟು ರೋಗವನ್ನು ಹೆಸರಿಸಿದರು, ಮರುದಿನ ಸಂಜೆ ತೀರಿಕೊಂಡರು. ವಯಸ್ಸು 45.

ಹದಿನೈದೇ ದಿನಕ್ಕೆ ಬಂದ ಸಿಂಗಲ್‌ನಲ್ಲಿ ಹಳೆಯ ಹಾಡಿನ ಜೊತೆ ‘ದೀಸ್ ಆರ್ ದ ಡೇಸ್ ಆಫ್ ಅವರ್ ಲೈವ್ಸ್’ ಎಂಬ ಹೊಸ ಹಾಡಿಗೂ ಸಮಾನ ಸ್ಥಾನವಿತ್ತು. ಅದರ ವಿಡಿಯೋ ಅದೇ ವರ್ಷದ ಮೇ ತಿಂಗಳಲ್ಲಿ ಚಿತ್ರಿತವಾದದ್ದು. ವೇದಿಕೆಯ ಉದ್ದಗಲಕ್ಕೂ ಓಡಾಡುತ್ತಿದ್ದ ಮರ್ಕ್ಯುರಿ, ಬೆಕ್ಕುಗಳ ಚಿತ್ರ ಬರೆದ ವೇಸ್ಟ್‌ಕೋಟ್ ತೊಟ್ಟು, ನಿಂತಲ್ಲಿಂದ ಹೆಚ್ಚು ಕದಲದೆ ಹಾಡುತ್ತಾರೆ. ಕೃಶವಾದ ಮುಖಕ್ಕೆ ಮೇಕಪ್ ದಟ್ಟವಾಗಿದೆ. ಕಪ್ಪುಬಿಳುಪಿನ ಚಿತ್ರಣ ಕಾಯಿಲೆಯ ಗುರುತುಗಳನ್ನು ತಕ್ಕಮಟ್ಟಿಗೆ ಮರೆಮಾಡಿದೆ, ಪೂರ್ತಿಯಾಗಿ ಅಲ್ಲ.

ಸಿಂಗಲ್ ಐದು ವಾರ ಮೊದಲ ಸ್ಥಾನದಲ್ಲಿ ಉಳಿಯಿತು. ಒಂದೇ ಧ್ವನಿಮುದ್ರಣ ಎರಡು ಕ್ರಿಸ್‌ಮಸ್‌ಗಳಲ್ಲಿ ಹೀಗೆ ಗೆದ್ದದ್ದು ಅದೇ ಮೊದಲು. ಟ್ರಸ್ಟ್‌ಗೆ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಹಣ ಸಂದಿತು. ಬ್ರಿಟನ್ನಿನಲ್ಲಿ ಏಡ್ಸ್‌ಗೆ ಮೊದಮೊದಲು ಬಲಿಯಾದವರಲ್ಲಿ ಒಬ್ಬರಾದ ಟೆರಿ ಹಿಗ್ಗಿನ್ಸ್ ಹೆಸರಿನಲ್ಲಿ ಅವರ ಗೆಳೆಯರು 1982ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ಹಣಕ್ಕಿಂತ ದೊಡ್ಡ ಲಾಭ ಬಹುಶಃ ಇನ್ನೊಂದು: ಉಚ್ಚರಿಸಲು ಹಿಂಜರಿಯುತ್ತಿದ್ದ ರೋಗದ ಹೆಸರು ಹಬ್ಬದ ಹಾಡಿನೊಂದಿಗೆ ಮನೆಮನೆ ಹೊಕ್ಕಿತು.

1992ರ ಏಪ್ರಿಲ್ 20ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಮರ್ಕ್ಯುರಿ ಸ್ಮರಣೆಯ ಕಛೇರಿ ನಡೆಯಿತು. ಅದರ ಆದಾಯದಿಂದ ಆರಂಭವಾದ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಹಲವು ದೇಶಗಳಲ್ಲಿ ಏಡ್ಸ್ ತಡೆಯ ಕೆಲಸಕ್ಕೆ ನೆರವು ನೀಡುತ್ತ ಬಂದಿದೆ. ಅದೇ ವರ್ಷ ಅಮೆರಿಕದಲ್ಲಿ ‘ವೇನ್ಸ್ ವರ್ಲ್ಡ್’ ಚಲನಚಿತ್ರದಲ್ಲಿ ಬಳಕೆಯಾದ ‘ಬೊಹೀಮಿಯನ್ ರಾಪ್ಸೊಡಿ’ ಅಲ್ಲಿಯ ಪಟ್ಟಿಯಲ್ಲಿ ಎರಡನೆಯ ಸ್ಥಾನ ತಲುಪಿತು.