ಎ, ಆ್ಯನ್, ದ: ಶಾಲೆಯಲ್ಲಿ ಕಲಿತ ಅರ್ಧ ನಿಯಮಗಳು

ಎ, ಇ, ಐ, ಓ, ಯು. ಈ ಐದು ಅಕ್ಷರಗಳಿಂದ ಶುರುವಾಗುವ ಪದಕ್ಕೆ ಮೊದಲು 'ಆ್ಯನ್', ಮಿಕ್ಕಿದ್ದಕ್ಕೆಲ್ಲ 'ಎ'. ನಮ್ಮ ಶಾಲೆಗಳಲ್ಲಿ ಮಗ್ಗಿಯಂತೆ ಬಾಯಿಪಾಠ ಮಾಡಿಸುವ ಸೂತ್ರವಿದು. ಇದನ್ನು ನಂಬಿದ ಮಕ್ಕಳು 'ಆ್ಯನ್ ಯೂನಿವರ್ಸಿಟಿ' ಎಂದೂ 'ಎ ಎಂಎಲ್‌ಎ' ಎಂದೂ ಬರೆಯುತ್ತಾರೆ. ಎರಡೂ ತಪ್ಪು. ತಪ್ಪು ಮಕ್ಕಳದ್ದಲ್ಲ, ಸೂತ್ರದ್ದು.

ಇಲ್ಲಿ ಲೆಕ್ಕಕ್ಕೆ ಬರುವುದು ಉಚ್ಚಾರಣೆ. ಯೂನಿವರ್ಸಿಟಿಯ ಸ್ಪೆಲ್ಲಿಂಗ್‌ನಲ್ಲಿ ಮೊದಲು ಬರುವುದು ಯು ಅಕ್ಷರವಾದರೂ ಬಾಯಲ್ಲಿ ಹೊರಡುವ ಮೊದಲ ಧ್ವನಿ 'ಯ್', ಅಂದರೆ ವ್ಯಂಜನ. ಹಾಗಾಗಿ 'ಎ ಯೂನಿವರ್ಸಿಟಿ'. ಗಂಟೆ ಎಂಬರ್ಥದ 'ಅವರ್' ಪದವನ್ನು ಎಚ್ ಹಾಕಿ ಬರೆದರೂ ಆ ಎಚ್ ಮೌನ. ಹಾಗಾಗಿ 'ಆ್ಯನ್ ಅವರ್'. ಎಂಎಲ್‌ಎ, ಎಫ್‌ಐಆರ್, ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟ್ ಇವಕ್ಕೆಲ್ಲ 'ಆ್ಯನ್'. ಯುಪಿಎಸ್‌ಸಿ ಪರೀಕ್ಷೆಗೆ 'ಎ'.

ಇದರಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ನಮ್ಮದು ಧ್ವನಿಯನ್ನೇ ಬರೆಯುವ ಲಿಪಿ. ಅನುಮಾನ ಬಂದಾಗ ಆ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಮೊದಲ ಅಕ್ಷರ ಸ್ವರವಾದರೆ 'ಆ್ಯನ್', ವ್ಯಂಜನವಾದರೆ 'ಎ'. ಆದರೆ ಒಂದು ಎಚ್ಚರ ಬೇಕು. 'ಎಲ್ಲಿ' ಎನ್ನುವುದನ್ನು 'ಯೆಲ್ಲಿ' ಎಂದೂ 'ಒಂದು' ಎನ್ನುವುದನ್ನು 'ವಂದು' ಎಂದೂ ಹೇಳುವ ರೂಢಿ ನಮ್ಮಲ್ಲಿದೆ. ಅದೇ ರೂಢಿಯಲ್ಲಿ ಮೊಟ್ಟೆ 'ಯೆಗ್' ಆಗಿಬಿಟ್ಟರೆ 'ಆ್ಯನ್ ಎಗ್' ಕೈತಪ್ಪುತ್ತದೆ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಇಂಗ್ಲಿಷಿನಲ್ಲಿ ಕಿವಿ 'ಇಯರ್', ವರ್ಷ 'ಯಿಯರ್'. ನಮ್ಮ ಬಾಯಲ್ಲಿ ಎರಡೂ ಒಂದೇ ಆಗುವುದರಿಂದ 'ಆ್ಯನ್ ಇಯರ್', 'ಎ ಯಿಯರ್' ಎಂಬ ವ್ಯತ್ಯಾಸವೇ ಎಷ್ಟೋ ಜನಕ್ಕೆ ವಿಚಿತ್ರವಾಗಿ ಕಾಣುತ್ತದೆ. ಒಂದು ರೂಪಾಯಿಯ ನಾಣ್ಯದ ವಿಷಯದಲ್ಲಿ ಮಾತ್ರ ನಮ್ಮ ವಕಾರ ನೆರವಿಗೆ ಬರುತ್ತದೆ: 'ಎ ವನ್ ರುಪಿ ಕಾಯಿನ್' ಎಂಬುದೇ ಸರಿ.

'ಎ' ಮೂಲರೂಪ, ಸ್ವರ ಬಂದಾಗ ಅದಕ್ಕೊಂದು ನಕಾರ ಸೇರಿಸುತ್ತಾರೆ ಎಂಬ ನಂಬಿಕೆಯೂ ಇದೆ. ನಡೆದದ್ದು ಇದರ ಉಲ್ಟಾ. ಹಳೆಯ ಇಂಗ್ಲಿಷಿನಲ್ಲಿ 'ಒಂದು' ಎಂಬುದಕ್ಕೆ ಇದ್ದ 'ಆನ್' ಎಂಬ ಪದವೇ ಸವೆದು 'ಆ್ಯನ್' ಆಯಿತು. ಮುಂದೆ ವ್ಯಂಜನದ ಮೊದಲು ಅದರ ನಕಾರ ಬಿದ್ದುಹೋಗಿ 'ಎ' ಉಳಿಯಿತು. ಈ ನಕಾರ ಯಾರ ಪಾಲಿನದು ಎಂಬ ಗೊಂದಲದಲ್ಲಿ ಕೆಲವು ಪದಗಳ ರೂಪವೇ ಬದಲಾಗಿದೆ. ಕ್ರಿಕೆಟ್ ಅಂಗಳದ ಅಂಪೈರ್ ಪದ ಹಿಂದೆ ನಕಾರದಿಂದ ಶುರುವಾಗುತ್ತಿತ್ತು. ಜನರ ಕಿವಿಯಲ್ಲಿ ಆ ನಕಾರ ಪದವನ್ನು ಬಿಟ್ಟು 'ಎ'ಗೆ ಅಂಟಿಕೊಂಡಿತು. ಏಪ್ರನ್‌ನ ಕಥೆಯೂ ಇದೇ.

ಇನ್ನು 'ದ'. ಮೊದಲ ಸಲ ಹೇಳುವಾಗ 'ಎ', ಎರಡನೇ ಸಲ 'ದ' ಎಂದು ಕಲಿಸುತ್ತಾರೆ. ಕಥೆ ಹೇಳುವಾಗ ಇದು ಬಹುಮಟ್ಟಿಗೆ ನಿಜ. ಆದರೆ ಮನೆಯಲ್ಲಿ 'ಬಾಗಿಲು ಹಾಕು' ಎನ್ನಲು ಮೊದಲ ಸಲವೇ 'ಕ್ಲೋಸ್ ದ ಡೋರ್' ಎನ್ನಬೇಕು. ಯಾವ ಬಾಗಿಲು ಎಂಬುದು ಕೇಳುವವರಿಗೆ ಆಗಲೇ ಗೊತ್ತು, ಅಷ್ಟೇ ಕಾರಣ. ಕನ್ನಡದಲ್ಲಿ ಇಂಥದ್ದೇ ಇಲ್ಲ, ಹಾಗಾಗಿ ನಮಗೆ ಇದು ಹತ್ತುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆಡುಮಾತಿನಲ್ಲಿ 'ಪುಸ್ತಕ ತಂದೆ' ಎಂದರೆ ಯಾವುದೋ ಒಂದು ಪುಸ್ತಕವಾದೀತು. 'ಪುಸ್ತಕಾನ ತಂದೆ' ಎಂದರೆ ಇಬ್ಬರಿಗೂ ಗೊತ್ತಿರುವ ಆ ಪುಸ್ತಕವೇ. ದ್ವಿತೀಯಾ ವಿಭಕ್ತಿಯಿಂದ ನಾವು ದಿನವೂ ಮಾಡುವ ಈ ಕೆಲಸವನ್ನು ಇಂಗ್ಲಿಷ್ 'ದ' ಹಾಕಿ ಮಾಡುತ್ತದೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ಇದನ್ನೊಮ್ಮೆ ತೋರಿಸಿದರೆ ಎಷ್ಟು ಭಯ ಹೋಗುತ್ತದೆ!

ಅಂಕಿತನಾಮಕ್ಕೆ 'ದ' ಸೇರಬಾರದು ಎಂಬುದೂ ಪೂರ್ತಿ ನಿಜವಲ್ಲ. ನದಿ, ಸಮುದ್ರ, ಪರ್ವತಸಾಲುಗಳಿಗೆ ಅದು ಬೇಕು: ದ ಕಾವೇರಿ, ದ ಅರೇಬಿಯನ್ ಸೀ, ದ ವೆಸ್ಟರ್ನ್ ಘಾಟ್ಸ್. ಒಂಟಿ ಶಿಖರಕ್ಕೆ ಬೇಡ. ಮುಳ್ಳಯ್ಯನಗಿರಿ ಬರೀ ಮುಳ್ಳಯ್ಯನಗಿರಿ. ಈ ಪುಟ್ಟ ಪದಕ್ಕೆ ರಾಜಕೀಯದ ಭಾರವೂ ಉಂಟು. 1991ರಲ್ಲಿ ಸ್ವತಂತ್ರವಾದ ಯುಕ್ರೇನ್, 'ದ ಯುಕ್ರೇನ್' ಎಂಬ ಹಳೆಯ ಇಂಗ್ಲಿಷ್ ಬಳಕೆ ಬೇಡವೆಂದಿತು. 'ದ' ಸೇರಿದರೆ ಅದು ಇನ್ನೊಂದು ದೇಶದ ಪ್ರಾಂತ್ಯದಂತೆ ಕೇಳಿಸುತ್ತದೆ ಎಂಬುದು ಆಕ್ಷೇಪ.

ಕನ್ನಡದಲ್ಲಿ ಎಣಿಸಲು ಬರುವುದೆಲ್ಲ ಇಂಗ್ಲಿಷಿನಲ್ಲೂ ಎಣಿಕೆಗೆ ಸಿಗುತ್ತದೆ ಎಂದುಕೊಂಡು ಬಹಳ ಮಂದಿ ಎಡವುತ್ತಾರೆ. ಮಾಹಿತಿಗಳು, ಸಲಹೆಗಳು ಎನ್ನಬಹುದು. ಇನ್‌ಫರ್ಮೇಷನ್ಸ್, ಅಡ್ವೈಸಸ್, ಫರ್ನಿಚರ್ಸ್ ಎಂದು ಬಹುವಚನ ಮಾಡುವಂತಿಲ್ಲ. ಒಂದು ಸಲಹೆ 'ಎ ಪೀಸ್ ಆಫ್ ಅಡ್ವೈಸ್' ಆಗುತ್ತದೆ. 'ಫ್ಯೂ' ಮತ್ತು 'ಎ ಫ್ಯೂ' ಒಂದೇ ಎಂದುಕೊಳ್ಳುವುದು ಇನ್ನೂ ಅಪಾಯ. 'ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್' ಎಂದರೆ ಒಂದಷ್ಟು ಗೆಳೆಯರಿದ್ದಾರೆ ಎಂದು. 'ಎ' ಬಿಟ್ಟರೆ, ಗೆಳೆಯರು ಇಲ್ಲವೆನ್ನುವಷ್ಟು ಕಡಿಮೆ ಎಂದು.

ಎಣಿಸುವ ವಸ್ತುಗಳಿಗೆ 'ಲೆಸ್' ಎನ್ನಕೂಡದು, 'ಫ್ಯೂವರ್' ಎನ್ನಬೇಕು ಎಂಬ ಕಟ್ಟುನಿಟ್ಟಿನ ಮೂಲ ಕೇಳಿ. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ತನಗೆ 'ಫ್ಯೂವರ್' ಚೆಂದವೆನಿಸುತ್ತದೆ ಎಂದು ಬರೆದಿದ್ದ. ಅದಕ್ಕೂ ಎಷ್ಟೋ ಶತಮಾನ ಮೊದಲಿನಿಂದ ಜನ 'ಲೆಸ್' ಅನ್ನು ಎಣಿಸುವ ವಸ್ತುಗಳಿಗೂ ಎಣಿಸಲಾಗದವಕ್ಕೂ ಬಳಸುತ್ತಿದ್ದರು. ಪರೀಕ್ಷೆಯಲ್ಲಿ 'ಫ್ಯೂವರ್' ಬರೆಯುವುದು ಕ್ಷೇಮ, ಅಷ್ಟೇ.

ಕೊನೆಯದಾಗಿ, ಜೀವವಿರುವ ನಾಮಪದಗಳಿಗೆ ಮಾತ್ರ ಅಪಾಸ್ಟ್ರಫಿ ಎಸ್ ಎಂಬ ಪಾಠ. 'ಟುಡೇಸ್ ನ್ಯೂಸ್‌ಪೇಪರ್', 'ಎ ಡೇಸ್ ಲೀವ್', 'ದ ಕಂಟ್ರೀಸ್ ಎಕಾನಮಿ' ಎಲ್ಲವೂ ಶುದ್ಧ ಇಂಗ್ಲಿಷ್. ಶಿಕ್ಷಕರೇ, ಉತ್ತರಪತ್ರಿಕೆಯಲ್ಲಿ ಇವು ಕಂಡರೆ ದಯವಿಟ್ಟು ಕೆಂಪು ಗೆರೆ ಎಳೆಯಬೇಡಿ.