ನಕ್ಷೆ ಎರಡು, ಕಟ್ಟಡ ಒಂದು

ವಿದೇಶದಲ್ಲಿ ಓದಬಯಸುವವರು ಬರೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ಬರವಣಿಗೆ ವಿಭಾಗದಲ್ಲಿ, ಮೊದಲ ಪ್ರಶ್ನೆಯಾಗಿ ಕೆಲವೊಮ್ಮೆ ಒಂದೇ ಕಟ್ಟಡದ ಎರಡು ನಕ್ಷೆಗಳನ್ನು ಕೊಡುತ್ತಾರೆ: ಮೊದಲಿನದು, ಅನಂತರದ್ದು. ಆದ ಬದಲಾವಣೆಗಳನ್ನು ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು. ಸುಮಾರು 20 ನಿಮಿಷ ಇದಕ್ಕೆ.

ಬಿಜ್ಜರಗಿಯ ವಿದ್ಯಾರ್ಥಿಗೆ ಅಭ್ಯಾಸದ ವಸ್ತು ಹತ್ತಿರದಲ್ಲೇ ಇದೆ. ವಿಜಯಪುರದ ಗೋಳಗುಮ್ಮಟದ ಮುಂದಿರುವ ನಗಾರಖಾನೆಯನ್ನು ನೋಡಿ. ನಗಾರಿ ಬಾರಿಸಲೆಂದು ಇದ್ದ ಆ ಕಟ್ಟಡದಲ್ಲಿ ಈಗಿರುವುದು, 1892ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯ.

‘ನಗಾರಖಾನೆಯನ್ನು ವಸ್ತುಸಂಗ್ರಹಾಲಯ ಮಾಡಿದರು’ ಎನ್ನುತ್ತೇವೆ. ಯಾರು ಮಾಡಿದರೆಂದು ಹೇಳದಿದ್ದರೂ ಕನ್ನಡ ವಾಕ್ಯ ಪೂರ್ಣ. ಇಂಗ್ಲಿಷ್ ಹಾಗಲ್ಲ, ಅಲ್ಲಿ ಕರ್ತೃ ಬೇಕು. ನಮ್ಮವರು ‘ದೇ’ ಎಂದು ಆರಂಭಿಸಿ ಎಡವುವುದು ಇಲ್ಲಿಯೇ. ಕಟ್ಟಡವನ್ನೇ ಮುಂದಿಟ್ಟು ಕರ್ಮಣಿ ಪ್ರಯೋಗ ಮಾಡಿ: ಎರಡೂ ನಕ್ಷೆ ಹಿಂದಿನ ಇಸವಿಗಳದ್ದಾದರೆ ‘ವಾಸ್ ಕನ್ವರ್ಟೆಡ್ ಇಂಟು’, ಎರಡನೆಯದು ಇಂದಿನದಾದರೆ ‘ಹ್ಯಾಸ್ ಬೀನ್’, ಮುಂದಿನ ಯೋಜನೆಯಾದರೆ ‘ವಿಲ್ ಬಿ’.

ಕ್ರಮವೇನು? ನಾವು ಕ್ಯಾಮೆರಾ ಇಡುವಂತೆಯೇ. ಮೊದಲು ದೂರದಿಂದ ಇಡೀ ಕಟ್ಟಡ, ಅಂದರೆ ಮುಖ್ಯ ಬದಲಾವಣೆಯನ್ನು ತಿಳಿಸುವ ಒಂದೆರಡು ವಾಕ್ಯ. ಆಮೇಲೆ ಬಾಗಿಲಿನಿಂದ ಒಳಹೊಕ್ಕು ಒಂದೊಂದೇ ಕೋಣೆ. ಬದಲಾಗದೆ ಉಳಿದದ್ದನ್ನೂ ಬರೆಯಿರಿ. ಇದನ್ನು ಬಹಳ ಮಂದಿ ಮರೆಯುತ್ತಾರೆ. ಆದಿಲಶಾಹಿ ಇತಿಹಾಸ ನಿಮಗೆ ಎಷ್ಟೇ ಬಾಯಿಪಾಠವಿರಲಿ, ನಕ್ಷೆಯಲ್ಲಿ ಇಲ್ಲದ್ದು ಉತ್ತರದಲ್ಲಿ ಬೇಡ. ಬದಲಾವಣೆ ಸರಿಯೋ ತಪ್ಪೋ ಎಂಬ ಅಭಿಪ್ರಾಯವೂ ಬೇಡ.

ಮನೆಯಲ್ಲಿ ದನದ ಕೊಟ್ಟಿಗೆ ಈಗ ಓದುವ ಕೋಣೆಯಾಗಿದೆಯೆ? ಅಜ್ಜಿಯನ್ನು ಕೇಳಿ ಹಳೆಯ ನಕ್ಷೆ ಬರೆದುಕೊಳ್ಳಿ, ಪಕ್ಕದಲ್ಲಿ ಹೊಸದನ್ನು ಬರೆದು ಗಡಿಯಾರ ನೋಡಿಕೊಂಡು ಕುಳಿತುಕೊಳ್ಳಿ.