ತೇವದ ಗೋಡೆಗೆ ಸಿಮೆಂಟ್ ಮೆತ್ತಿದರೆ ವಾಸಿಯಾಗುತ್ತದೆಯೇ?

ಗೋಡೆಯ ಬುಡದಲ್ಲಿ ತೇವ ಬಂದರೆ ವಾಟರ್‌ಪ್ರೂಫ್ ಪುಡಿ ಬೆರೆಸಿದ ಸಿಮೆಂಟ್ ಗಾರೆ ಮೆತ್ತಿ, ಮತ್ತೆ ಬರುವುದಿಲ್ಲ ಎನ್ನುವ ಸಲಹೆ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೆ ಇಟ್ಟಿಗೆ ಮನೆಗಳಿಗೆ ಇದು ಸರಿಯಲ್ಲ.

ಇಂಥ ಅನೇಕ ಮನೆಗಳ ಪಾಯದ ಮೇಲೆ ನೀರು ತಡೆಯುವ ಪದರವಿಲ್ಲ. ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆ, ಗಾರೆ ನೆಲದ ನೀರನ್ನು ಮೇಲಕ್ಕೆಳೆಯುತ್ತವೆ, ಸಾಮಾನ್ಯವಾಗಿ 3 ಅಡಿಯವರೆಗೆ. ಸುಣ್ಣದ ಗಾರೆಯಾದರೆ ಆ ನೀರು ಆವಿಯಾಗಿ ಹೋಗುತ್ತದೆ. ಸಿಮೆಂಟ್ ಮೆತ್ತಿದರೆ ದಾರಿ ಕಟ್ಟಿ, ತೇವ ಇನ್ನೂ ಮೇಲೇರುತ್ತದೆ. ಸ್ವಲ್ಪ ಕಾಲ ಚೆನ್ನಾಗಿ ಕಂಡು, ಆಮೇಲೆ ಉಪ್ಪು ಬಿಟ್ಟು ಗಾರೆ ಹಪ್ಪಳದಂತೆ ಏಳುತ್ತದೆ.

ತೇವ ಮೇಲಿನಿಂದ ಇಳಿಯುತ್ತಿದ್ದರೆ ಹೆಂಚು ಸರಿಮಾಡಿಸಿ. ಅನುಮಾನವಿದ್ದರೆ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ, 2 ದಿನ ಬಿಡಿ. ಹನಿ ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯ ತೇವ, ಗೋಡೆ ಕಡೆಗಿದ್ದರೆ ಗೋಡೆಯದೇ.

ಗೋಡೆಯದಾದರೆ ಹೊರಗೆ ಹೋಗಿ ನೋಡಿ. ಗೋಡೆಗೊರಗಿದ ಮಣ್ಣು, ಬಚ್ಚಲ ನೀರು, ಸೂರಿನ ನೀರು, ಪಕ್ಕದಲ್ಲೇ ನೀರು ಹಾಯಿಸುವ ತೆಂಗಿನ ಪಾತಿ: ಹೆಚ್ಚಿನ ಸಲ ಕಳ್ಳ ಇಲ್ಲೇ ಸಿಗುತ್ತಾನೆ. ಹಿಡಿಯಲು ಗುದ್ದಲಿ ಸಾಕು! ಆಮೇಲೆ ಸಿಮೆಂಟ್ ಕೆತ್ತಿಸಿ, ಗೋಡೆ ಒಣಗಿಸಿ, ಸುಣ್ಣದ ಗಾರೆ ಮಾಡಿಸಿ. ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಒಣಗುವ ಸ್ಥೂಲ ಲೆಕ್ಕ. 18 ಇಂಚಿನ ಗೋಡೆಗೆ ಒಂದೂವರೆ ವರ್ಷ.

ಅಲ್ಲಿಯವರೆಗೆ ಕೊಬ್ಬರಿ ಚೀಲಗಳನ್ನು ಆ ಗೋಡೆಗೆ ಒರಗಿಸಬೇಡಿ. ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ, ಅದು ಯಕೃತ್ತಿಗೆ ಅಪಾಯ. ಬೂಷ್ಟು ಒರೆಸಿದ ಮಾತ್ರಕ್ಕೆ ಆ ವಿಷ ಹೋಗುವುದಿಲ್ಲ.